ಎಲ್ಲಿ ನಿಲ್ಲಿಸಿದರೂ ಆಡುವವನು

ನಮ್ಮ ಫ್ಯಾಕ್ಟರಿಯ ಟರ್ಕಿಯವನು ಹಿಂದೊಮ್ಮೆ ಫುಟ್‌ಬಾಲ್ ಆಟಗಾರನಾಗಿದ್ದ ಎಂಬುದು ನಮಗೆ ಗೊತ್ತಾದದ್ದು ಅವನ ಬಲ ಮೊಣಕಾಲಿನಿಂದ. ಯಂತ್ರದ ಅಡಿಗೆ ಬಗ್ಗಿ ನೋಡಬೇಕಾದಾಗ ಉಳಿದವರೆಲ್ಲ ಕುಕ್ಕರುಗಾಲಿನಲ್ಲಿ ಕೂತರೆ, ಅವನು ಬಲಗಾಲನ್ನು ಉದ್ದಕ್ಕೆ ಚಾಚಿ, ಎಡಗಾಲನ್ನು ಮಾತ್ರ ಮಡಚಿ, ಒಂದು ಕೈಯನ್ನು ನೆಲಕ್ಕೂರಿ ಕೂರುತ್ತಿದ್ದ. ಅದೇನು ಹಾಗೆ ಎಂದು ಯಾರೋ ಕೇಳಿದ್ದಕ್ಕೆ, ಚೆಂಡು ಒದೆಯುವಂತೆ ಕಾಲು ಬೀಸಿ ತೋರಿಸಿ, ಮೊಣಕಾಲನ್ನು ತಟ್ಟಿ, ‘ಖಲಾಸ್’ ಎಂದ. ಮುಗಿಯಿತು ಎಂದರ್ಥ. ನಾವು ನಕ್ಕೆವು, ಅವನೂ ನಕ್ಕ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಮಸ್ಕತ್ತಿನಿಂದ ಆಚೆ, ರುಸೈಲ್‌ನಲ್ಲಿ ಪ್ಲಾಸ್ಟಿಕ್ ಪೈಪು ಮಾಡುವ ಫ್ಯಾಕ್ಟರಿ ನಮ್ಮದು. ಅವನು ಅಲ್ಲಿ ಯಂತ್ರಗಳ ರಿಪೇರಿಯ ಫೋರ್‌ಮನ್. ಸೌದಿಯಲ್ಲಿ ಕೆಲವು ವರ್ಷ ದುಡಿದು ಬಂದಿದ್ದರಿಂದ ಅರಬ್ಬಿ ಬರುತ್ತಿತ್ತು; ಪಾಕಿಸ್ತಾನದ ವೆಲ್ಡರುಗಳ ಜೊತೆಗಿದ್ದು ಅಷ್ಟಿಷ್ಟು ಉರ್ದು ಕಲಿತಿದ್ದ. ಈ ಎರಡಕ್ಕೂ ನಾಲ್ಕು ಇಂಗ್ಲಿಷ್ ಪದಗಳನ್ನು ಬೆರೆಸಿ ಮಾತಾಡುತ್ತಿದ್ದ. ಸಾಬೂನಿಗೆ ಅವರೂ ಸಾಬೂನು ಎನ್ನುತ್ತಾರೆ, ಮೈದಾನಕ್ಕೆ ಮೈದಾನ ಎಂದೇ ಎನ್ನುತ್ತಾರೆ ಎಂದು ತಿಳಿದ ದಿನ ನಮಗೆ ಅವನು ಅರ್ಧ ಊರಿನವನೇ ಆಗಿಬಿಟ್ಟ.

ಆ ಫ್ಯಾಕ್ಟರಿಯಲ್ಲಿ ನಾನು ಏನಾಗಿದ್ದೆ ಎಂದು ಹೇಳುವುದು ಅಷ್ಟು ಸುಲಭವಲ್ಲ. ಉಡುಪಿಯ ಕಡೆಯ ಕೊಂಕಣಿ ಕ್ರೈಸ್ತರ ಮನೆಯವನು, ಬಿ.ಕಾಂ. ಓದಿದವನು, ಬಂದದ್ದು ಟೈಮ್‌ಕೀಪರ್ ಕೆಲಸಕ್ಕೆ. ಬಂದ ವರ್ಷವೇ ಡಿಸ್ಪ್ಯಾಚ್ ಕ್ಲಾರ್ಕ್ ರಜೆಯಲ್ಲಿ ಊರಿಗೆ ಹೋದ. ಅವನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಕೆಲಸ ಚೆನ್ನಾಗಿಯೇ ಮಾಡಿದೆ, ಅದೇ ನನಗೆ ಮುಳುವಾಯಿತು. ಗಲ್ಫಿನಲ್ಲಿ ಎರಡು ವರ್ಷಕ್ಕೊಮ್ಮೆ ಎಲ್ಲರಿಗೂ ದೀರ್ಘ ರಜೆ. ಒಬ್ಬ ಬಂದರೆ ಇನ್ನೊಬ್ಬ ಹೊರಡುತ್ತಾನೆ, ಅಂದರೆ ಫ್ಯಾಕ್ಟರಿಯಲ್ಲಿ ಯಾವಾಗಲೂ ಒಂದು ಕುರ್ಚಿ ಖಾಲಿ. ಆ ಕುರ್ಚಿ ನನ್ನದು. ಸ್ಟೋರು, ಕ್ಯಾಂಟೀನು, ಟೆಲಿಫೋನು, ಒಮ್ಮೆ ಮ್ಯಾನೇಜರರ ಸೆಕ್ರೆಟರಿಯ ಟೈಪ್‌ರೈಟರಿನ ಮುಂದೆ ಕೂಡ ಕೂತೆ. ಬೊಂಬಾಯಿಯವರಾದ ನಮ್ಮ ಮ್ಯಾನೇಜರು ಯಾರಾದರೂ ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ಇವನು ನನ್ನ ಆಲ್‌ರೌಂಡರ್ ಎಂದು ಪರಿಚಯಿಸುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಆ ಹೊಗಳಿಕೆಗೆ ಒಂದು ಮೇಜು ಸಹ ಇಲ್ಲ ಎಂದು ಹೊಳೆಯಲು ವರ್ಷಗಳೇ ಬೇಕಾದವು.

ರಜೆಯಿಂದ ಮರಳಿದವನು ತನ್ನ ಕೆಲಸ ನೋಡಿಕೊಂಡವನಿಗೆ ಮನೆಯಿಂದ ಏನಾದರೂ ತರಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟಾದ ರೂಢಿ. ಹೆಚ್ಚಿನವರು ತರುತ್ತಿದ್ದದ್ದು ಉಪ್ಪಿನಕಾಯಿ. ಹಾಗಾಗಿ ನನ್ನ ಕೋಣೆಯ ಕಿಟಕಿಯ ಮೇಲೆ ಮುಲ್ಕಿಯ ಮಿಡಿ, ಬಂಟ್ವಾಳದ ನಿಂಬೆ, ಕಣ್ಣೂರಿನ ಮೀನು, ಕರಾಚಿಯ ಕ್ಯಾರೆಟ್ಟು ಎಲ್ಲ ಸಾಲಾಗಿ ಇದ್ದವು. ನನ್ನ ಮನೆಯ ಉಪ್ಪಿನಕಾಯಿ ಒಂದು ಇರಲಿಲ್ಲ. ನನ್ನ ರಜೆ ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು, ಏಕೆಂದರೆ ಬದಲಿಯವನಿಗೆ ಬದಲಿ ಯಾರೂ ಇರಲಿಲ್ಲ.

ಇದರಲ್ಲಿ ನಗುವಂಥದ್ದು ಇಷ್ಟೇ. ಕಂಪನಿ ಅಲ್ ಹೈಲ್‌ನಲ್ಲಿ ಕೆಲವು ಫ್ಲ್ಯಾಟುಗಳನ್ನು ಬಾಡಿಗೆಗೆ ಹಿಡಿದಿತ್ತು. ಒಂದೊಂದು ವಿಭಾಗದ ಜವಾಬ್ದಾರಿ ಹೊತ್ತವರಿಗೆ ಅಲ್ಲಿ ಮನೆ, ಹೆಂಡತಿ ಮಕ್ಕಳಿಗೆ ವೀಸಾ. ಎಲ್ಲ ವಿಭಾಗವನ್ನೂ ನೋಡಿಕೊಳ್ಳುವವನು ಯಾವ ವಿಭಾಗದವನೂ ಅಲ್ಲ. ನನ್ನ ಹೆಂಡತಿ ಮಗಳು ಊರಿನಲ್ಲಿದ್ದರು, ನಾನು ನಾಲ್ಕು ಮಂಚದ ಕೋಣೆಯಲ್ಲಿದ್ದೆ. ಫೋನು ದುಬಾರಿ, ಹಾಗಾಗಿ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಪಪ್ಪ ಎಲ್ಲಿ ಎಂದು ಕೇಳಿದರೆ ಮಗಳು ಟೇಪ್ ರೆಕಾರ್ಡರನ್ನು ತೋರಿಸುತ್ತಾಳೆ ಎಂದು ಹೆಂಡತಿ ಒಂದು ಕ್ಯಾಸೆಟ್ಟಿನಲ್ಲಿ ನಗುತ್ತಾ ಹೇಳಿದ್ದಳು. ನನಗೆ ನಗು ಬರಲಿಲ್ಲ, ಆ ಭಾಗವನ್ನು ಮತ್ತೆ ಕೇಳಲೂ ಇಲ್ಲ. ಸ್ಟೋರ್‌ಕೀಪರಾಗಿದ್ದ ಗೋವಾದ ಹಿರಿಯರು ಮುಂದಿನ ವರ್ಷ ಕೆಲಸ ಬಿಟ್ಟು ಊರು ಸೇರುವವರಿದ್ದರು. ಆ ಕೆಲಸ ನನಗೆ ಖಾಯಂ ಆಗಬೇಕು, ಹಾಗಾದರೆ ಮಾತ್ರ ಸಂಸಾರ ಇಲ್ಲಿಗೆ ಬರಬಹುದು. ನನ್ನ ಆಗಿನ ಪ್ರಾರ್ಥನೆ ಎಲ್ಲ ಇದೊಂದರ ಮೇಲೆಯೇ.

ಶುಕ್ರವಾರ ಮಾತ್ರ ಇದೆಲ್ಲ ಮರೆತುಹೋಗುತ್ತಿತ್ತು. ಅಂದು ಬೆಳಿಗ್ಗೆ ನಾವು ಇಗರ್ಜಿಗೆ ಹೋಗುತ್ತಿದ್ದೆವು, ಭಾನುವಾರ ಕೆಲಸವಿದ್ದುದರಿಂದ ನಮ್ಮ ಪೂಜೆಯೂ ಶುಕ್ರವಾರಕ್ಕೇ ಬಂದಿತ್ತು. ಬ್ಯಾರಿ ಗೆಳೆಯರು ಮಧ್ಯಾಹ್ನ ಜುಮಾ ನಮಾಜು ಮುಗಿಸುತ್ತಿದ್ದರು. ಇಬ್ಬರೂ ದೇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಊಟ ಮಾಡಿ, ಬಿಸಿಲು ಇಳಿಯುವ ಹೊತ್ತಿಗೆ ಫ್ಯಾಕ್ಟರಿಯ ಹಿಂದಿನ ಬಯಲಿಗೆ ಸೇರುತ್ತಿದ್ದೆವು. ಹುಲ್ಲಿನ ಮಾತೇ ಇಲ್ಲ, ಬರೀ ಜಲ್ಲಿ. ಗೋಲಿನ ಕಂಬಗಳು ನಮ್ಮದೇ ಫ್ಯಾಕ್ಟರಿಯ ತಿರಸ್ಕೃತ ಪೈಪುಗಳು, ಬಿಸಿಲಿಗೆ ಬಳುಕಿ ಸೊಟ್ಟಗಾಗಿದ್ದವು. ಗೋಲ್‌ಕೀಪರನ ಗ್ಲೌಸು ಎಂದರೆ ವೆಲ್ಡಿಂಗ್‌ನವರ ಚರ್ಮದ ಗ್ಲೌಸು. ರುಸೈಲ್‌ನಲ್ಲೇ ಸಣ್ಣದೊಂದು ಕೆಫೆಟೇರಿಯಾ ನಡೆಸುತ್ತಿದ್ದ ಬ್ಯಾರಿ ಗೆಳೆಯ ನಮ್ಮ ಕ್ಯಾಪ್ಟನ್. ಅವನ ತಲೆನೋವೂ ರಜೆಯದ್ದೇ. ಯಾರು ಯಾವ ವಾರ ಊರಿಗೆ ಹಾರುತ್ತಾರೋ ಹೇಳಲಾಗದು. ಯಾರು ಹಾರಿದರೂ ಅವರ ಜಾಗಕ್ಕೆ ನಾನು. ಶನಿವಾರದಿಂದ ಗುರುವಾರದವರೆಗೆ ಮಾಡಿದ್ದನ್ನೇ ಶುಕ್ರವಾರ ಚಡ್ಡಿ ಹಾಕಿಕೊಂಡು ಮಾಡುತ್ತಿದ್ದೆ.

ಟರ್ಕಿಯವನನ್ನು ಕೋಚ್ ಆಗು ಎಂದು ನಾವೇ ಕರೆದೆವು. ಮೊದಲು ಕೆಲವು ವಾರ ಅವನು ಪೈಪಿನ ರಾಶಿಯ ಮೇಲೆ ಕೂತು ಸಿಗರೇಟು ಸೇದುತ್ತಾ ಸುಮ್ಮನೆ ನೋಡಿದ. ಆಮೇಲೆ ಒಂದು ಶುಕ್ರವಾರ ನೇರ ನನ್ನ ಹತ್ತಿರ ಬಂದು, ನಿನ್ನ ಜಾಗ ಯಾವುದು ಎಂದು ಕೇಳಿದ. ಎಲ್ಲಿ ಬೇಕಾದರೂ ಎಂದೆ, ಸ್ವಲ್ಪ ಜಂಬದಿಂದಲೇ. ಅವನು ನಗಲಿಲ್ಲ. ತೋಳು ಹಿಡಿದು ನನ್ನನ್ನು ನಮ್ಮ ಗೋಲಿನ ಎಡಬದಿಗೆ ಕರೆದುಕೊಂಡು ಹೋಗಿ, ಹಿಮ್ಮಡಿಯಿಂದ ಜಲ್ಲಿಯಲ್ಲಿ ಗೀರಿ, ಇಲ್ಲಿ ನಿಲ್ಲು, ಯಾರು ಕರೆದರೂ ಬೇರೆ ಕಡೆ ಹೋಗಬೇಡ ಎಂದ. ಅಂದಿನಿಂದ ನಾನು ಲೆಫ್ಟ್ ಬ್ಯಾಕ್. ಗೋಲಿನ ಮುಂದೆ ನಡುವೆ ನಿಲ್ಲುವ ಸ್ಟಾಪರ್ ಊರಿಗೆ ಹೋಗಲಿ, ಸೆಂಟರ್ ಫಾರ್ವರ್ಡಿಗೆ ಜ್ವರ ಬರಲಿ, ಅವನು ನನ್ನನ್ನು ಕದಲಿಸಲು ಬಿಡುತ್ತಿರಲಿಲ್ಲ. ಕ್ಯಾಪ್ಟನ್ ಗೊಣಗುತ್ತಿದ್ದ. ನನಗೂ ಇದು ಅತಿಯಾಯಿತು ಅನಿಸುತ್ತಿತ್ತು.

ಅವನ ಕಥೆ ನನಗೆ ಸಿಕ್ಕಿದ್ದು ಕಂತು ಕಂತಾಗಿ, ಕೆಫೆಟೇರಿಯಾದ ಹಾಲಿಲ್ಲದ ಸುಲೈಮಾನಿ ಚಹಾದ ಜೊತೆಗೆ. ಕಪ್ಪು ಸಮುದ್ರದ ದಡದ ಊರು, ಮನೆಯ ಹಿಂದೆಲ್ಲ ಬಾದಾಮಿಯಂಥ ಹೇಝಲ್ ಕಾಯಿಯ ತೋಟ. ಅಲ್ಲಿಯ ಕ್ಲಬ್ಬಿಗೆ ಹುಡುಗನಾಗಿ ಸೇರಿದಾಗ ಅವನು ರೈಟ್ ಬ್ಯಾಕ್, ಬೆನ್ನಿನ ಮೇಲೆ ಎರಡನೇ ನಂಬರು. ಲೆಫ್ಟ್ ಬ್ಯಾಕ್ ಆಗಿದ್ದವನನ್ನು ಸೈನ್ಯದ ಕಡ್ಡಾಯ ಸೇವೆಗೆ ಕರೆದಾಗ ಕೋಚ್ ಇವನನ್ನು ಆ ಕಡೆಗೆ ಹಾಕಿದ. ಎಡಗಾಲಿನಿಂದ ಒದೆಯುವುದನ್ನು ಒಂದು ಚಳಿಗಾಲದಲ್ಲಿ ಗೋಡೆಗೆ ಒದ್ದು ಒದ್ದು ಕಲಿತ. ಆಮೇಲೆ ಒಳನಾಡಿನ ದೊಡ್ಡ ಕ್ಲಬ್ಬೊಂದು ಕೊಂಡುಕೊಂಡಿತು. ಅಲ್ಲಿ ಸ್ಟಾಪರನ ಕಾಲು ಮುರಿಯಿತು, ಇವನು ಸ್ಟಾಪರ್ ಆದ. ಸ್ಟಾಪರ್ ಗುಣವಾಗಿ ಬಂದ, ಅಷ್ಟರಲ್ಲಿ ಎಲ್ಲರ ಹಿಂದೆ ನಿಂತು ಎಲ್ಲರ ತಪ್ಪು ಬಾಚುವ ಲಿಬೆರೋ ಜಗಳವಾಡಿ ಕ್ಲಬ್ ಬಿಟ್ಟಿದ್ದ, ಇವನು ಲಿಬೆರೋ ಆದ. ಎರಡರಿಂದ ಆರರವರೆಗೆ ಎಲ್ಲ ನಂಬರಿನ ಜರ್ಸಿಯೂ ಅವನ ಮನೆಯ ಹಗ್ಗದಲ್ಲಿ ಒಣಗಿದ್ದವಂತೆ. ಒಂದನೇ ನಂಬರು, ಅಂದರೆ ಗೋಲ್‌ಕೀಪರನದ್ದು, ಅದು ಮಾತ್ರ ಇಲ್ಲ. ಯಾರೂ ಕೇಳಲಿಲ್ಲ, ಕೇಳಿದ್ದರೆ ಅದಕ್ಕೂ ನಿಲ್ಲುತ್ತಿದ್ದೆ ಎಂದ.

ಅಲ್ಲಿಯ ಪತ್ರಿಕೆಗಳು ಇಂಥ ಆಟಗಾರನನ್ನು ಜೋಕರ್ ಎನ್ನುತ್ತವಂತೆ. ಇಸ್ಪೀಟಿನ ಜೋಕರು, ಯಾವ ಎಲೆಯ ಬದಲಿಗೂ ಇಡಬಹುದಾದದ್ದು. ರಮ್ಮಿ ನಮಗೂ ಗೊತ್ತಿದ್ದ ಆಟವೇ. ಜೋಕರು ಕೈಗೆ ಬಂದರೆ ಯಾರು ತಾನೆ ಹಿಗ್ಗುವುದಿಲ್ಲ? ಆದರೆ ಆಟ ಮುಗಿದ ಮೇಲೆ ಪಾಯಿಂಟು ಎಣಿಸುವಾಗ ಅದರ ಬೆಲೆ ಸೊನ್ನೆ. ಇದನ್ನು ನಾನು ತಮಾಷೆಗೆ ಹೇಳಿದೆ. ಅವನು ಚಹಾದ ಲೋಟವನ್ನು ಕೆಳಗಿಟ್ಟು ಒಂದು ಸಂಗತಿ ಹೇಳಿದ.

ಅವನ ಆಟ ಏರುಗತಿಯಲ್ಲಿದ್ದಾಗ ದೇಶದ ತಂಡದ ಶಿಬಿರಕ್ಕೆ ಕರೆ ಬಂದಿತ್ತು. ಊರಿಗೆ ಊರೇ ಬಸ್‌ ನಿಲ್ದಾಣಕ್ಕೆ ಬಂದು ಕಳಿಸಿಕೊಟ್ಟಿತ್ತು. ಶಿಬಿರದಲ್ಲಿ ಕೋಚ್ ಒಬ್ಬೊಬ್ಬರನ್ನೇ ಕರೆದು, ನೀನು ಎಲ್ಲಿ ಆಡುತ್ತೀ ಎಂದು ಕೇಳಿದ. ಉಳಿದವರು ತಮ್ಮ ತಮ್ಮ ಜಾಗ ಹೇಳಿದರು. ಇವನು, ನೀವು ಎಲ್ಲಿ ನಿಲ್ಲಿಸಿದರೂ ಎಂದ. ಕೋಚ್‌ಗೆ ಬಹಳ ಖುಷಿಯಾಯಿತು. ತಂಡಕ್ಕೂ ಸೇರಿಸಿಕೊಂಡ, ಪಂದ್ಯಗಳಿಗೂ ಕರೆದುಕೊಂಡು ಹೋದ, ಆದರೆ ಒಮ್ಮೆಯೂ ಆಡಿಸಲಿಲ್ಲ. ಯಾರಾದರೂ ಬಿದ್ದರೆ ಇವನು ಇದ್ದಾನಲ್ಲ ಎಂಬ ಧೈರ್ಯಕ್ಕೆ ಬೆಂಚಿನಲ್ಲಿ ಕೂರಿಸಿಕೊಂಡ. ಯಾರೂ ಬೀಳಲಿಲ್ಲ. ಗೆರೆಯ ಆಚೆ ಓಡಿ ಓಡಿ ಮೈ ಬಿಸಿಮಾಡಿಕೊಂಡದ್ದೇ ಅವನು ದೇಶಕ್ಕಾಗಿ ಆಡಿದ ಆಟ. ಆಮೇಲೆ ಮೊಣಕಾಲು ಹೋಯಿತು. ಭಾವನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತು ಸೌದಿಯ ವಿಮಾನ ಹತ್ತಿದ.

“ಅವನು ಕೇಳಿದ್ದು ನನ್ನ ಜಾಗವನ್ನು,” ಎಂದ, ತನ್ನ ಮುರುಕು ಉರ್ದುವಿನಲ್ಲಿ. “ನಾನು ಹೇಳಿದ್ದು ನನಗೆ ಜಾಗ ಇಲ್ಲ ಎಂದು.”

ಆ ಮಾತು ನನಗೆ ಚುಚ್ಚಿತು. ಅವನ ಮೇಲೆ ಸಿಟ್ಟು ಕೂಡ ಬಂತು, ನನ್ನ ವಿಷಯ ಯಾರೋ ಚಾಡಿ ಹೇಳಿದ ಹಾಗೆ. ಆದರೆ ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಚಹಾ ಮುಗಿಸಿ ಕೆಲಸಕ್ಕೆ ಎದ್ದು ಹೋದ.

ಮರುವರ್ಷ ಗೋವಾದ ಹಿರಿಯರು ಹೊರಟರು. ಸ್ಟೋರಿನ ಬೀಗದ ಕೈ ನನ್ನ ಕೈಗೆ ಬಂತು, ಸದ್ಯಕ್ಕೆ ಎಂಬ ಮಾತಿನೊಂದಿಗೆ. ಖಾಯಂ ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೊಂಬಾಯಿಯಿಂದ ಒಬ್ಬ ಬರುತ್ತಾನಂತೆ ಎಂದು ಆಫೀಸಿನಲ್ಲಿ ಪಿಸುಮಾತು ಹಬ್ಬಿತು. ನಾನು ಕೇಳಿಸಿಕೊಳ್ಳದವನ ಹಾಗೆ ನಟ್ಟು ಬೋಲ್ಟುಗಳನ್ನು ಡಬ್ಬಿಗಳಿಗೆ ವಿಂಗಡಿಸುತ್ತಾ ಕೂತೆ.

ಆ ಚಳಿಗಾಲ ರುಸೈಲ್‌ನ ಫ್ಯಾಕ್ಟರಿಗಳ ನಡುವಿನ ಪಂದ್ಯಗಳಲ್ಲಿ ನಾವು ಫೈನಲ್ ತಲುಪಿದ್ದೆವು. ಎದುರಾಳಿಗಳು ಸಿಮೆಂಟ್ ಬ್ಲಾಕು ಮಾಡುವವರು, ಎತ್ತರದ ಸುಡಾನಿಗಳೇ ಹೆಚ್ಚು. ಪಂದ್ಯದ ಹಿಂದಿನ ದಿನ ನಮ್ಮ ಗೋಲ್‌ಕೀಪರನ ತಂದೆ ತೀರಿಕೊಂಡ ಸುದ್ದಿ ಬಂದು ಅವನು ಮುಲ್ಕಿಗೆ ಹೊರಟುಹೋದ. ಬಯಲಿಗೆ ಬಂದು ನಿಂತಾಗ ಎಲ್ಲರ ಕಣ್ಣೂ ನನ್ನ ಮೇಲೆಯೇ.

“ಮಾರಾಯ, ನೀನೇ ನಿಲ್ಲು,” ಎಂದ ಕ್ಯಾಪ್ಟನ್. “ನಿನಗೆ ಎಲ್ಲ ಬರ್ತದಲ್ಲ. ಬೇರೆ ಯಾರು ಉಂಟು ಹೇಳು?”

ನನ್ನ ಕೈ ಆಗಲೇ ಗ್ಲೌಸಿಗೆ ಹೋಗಿತ್ತು, ಯೋಚಿಸುವ ಮೊದಲೇ. ಟರ್ಕಿಯವನು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಇವನಿಗೆ ಇವನ ಜಾಗ ಇದೆ, ಕೀಪರ್ ನಾನು ಎಂದು ಕ್ಯಾಪ್ಟನ್‌ಗೆ ಹೇಳಿ, ಫ್ಯಾಕ್ಟರಿಯ ನೀಲಿ ಪ್ಯಾಂಟಿನಲ್ಲೇ ಆ ಸೊಟ್ಟ ಕಂಬಗಳ ನಡುವೆ ಹೋಗಿ ನಿಂತ. ಅವನ ಕಾಲು ನೋಡಿ ಸುಡಾನಿಗಳು ಮುಸಿಮುಸಿ ನಕ್ಕರು. ನಮ್ಮವರಿಗೂ ಅಸಮಾಧಾನ. ನಾನು ಜಲ್ಲಿಯಲ್ಲಿ ನನ್ನ ಗೀರು ಇದ್ದ ಜಾಗ ಹುಡುಕಿ ಅಲ್ಲಿ ನಿಂತೆ.

ಅವನು ಬಹಳ ಚೆಂಡುಗಳನ್ನು ತಡೆದ. ಎಲ್ಲಿಂದ ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು; ತಾನು ಹಿಂದೆ ನಿಂತಿದ್ದ ಎಲ್ಲ ಜಾಗಗಳ ಕಣ್ಣಿನಿಂದ ನೋಡುತ್ತಿದ್ದನೋ ಏನೋ. ಟರ್ಕಿ ಭಾಷೆಯಲ್ಲಿ ಕೂಗುತ್ತಿದ್ದ, ಆಶ್ಚರ್ಯವೆಂದರೆ ನಮಗೆ ಅರ್ಥವಾಗುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಅವನ ಬಲಬದಿಗೆ ನೆಲಕ್ಕಂಟಿಕೊಂಡು ಒಂದು ಚೆಂಡು ಬಂತು. ಮೊಣಕಾಲು ಮಡಚಲಿಲ್ಲ. ಆ ಒಂದು ಗೋಲಿಗೆ ನಾವು ಸೋತೆವು. ಕ್ಯಾಪ್ಟನ್ ನೇರ ಹೋಗಿ ಕೆಫೆಟೇರಿಯಾದ ಶಟರ್ ಎಳೆದುಕೊಂಡ. ಟರ್ಕಿಯವನು ಮಾತ್ರ ಮೈಗೆಲ್ಲ ಧೂಳು ಮೆತ್ತಿಕೊಂಡು ನನ್ನ ಹತ್ತಿರ ಬಂದು, ಎಡಗಡೆಯಿಂದ ಒಂದೂ ಬರಲಿಲ್ಲ ನೋಡು ಎಂದ. ಸೋತ ದಿನ ಅಷ್ಟು ಸಂತೋಷ ಪಟ್ಟದ್ದು ನನಗೆ ನೆನಪಿಲ್ಲ.

ಮರುದಿನ ಶನಿವಾರ, ವಾರದ ಮೊದಲ ದಿನ. ಮ್ಯಾನೇಜರು ಕರೆದು, ಎಂದಿನ ನಗುಮುಖದಲ್ಲಿ, ಇಬ್ರಿಯ ನಮ್ಮ ಡಿಪೋದವನು ರಜೆಯಲ್ಲಿ ಹೋಗುತ್ತಿದ್ದಾನೆ, ನೀನು ನಾಳೆಯೇ ಹೊರಡು, ಇಲ್ಲಿಗೆ ಬೊಂಬಾಯಿಯಿಂದ ಹೊಸಬ ಬರುತ್ತಾನೆ ಎಂದರು. ಇಬ್ರಿ ಎಂದರೆ ಒಳನಾಡು, ರಸ್ತೆಯಲ್ಲಿ ಹಲವು ಗಂಟೆಗಳ ದಾರಿ. ಆಯಿತು ಸರ್ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು, ಅಷ್ಟು ಅಭ್ಯಾಸ ಅದು.

“ನಾನು ಹೋಗುವುದಿಲ್ಲ ಸರ್,” ಎಂದೆ ಇಂಗ್ಲಿಷಿನಲ್ಲಿ. “ನನಗೆ ಎಲ್ಲ ಕೆಲಸ ಬರುತ್ತದೆ. ಆದರೆ ನನಗೆ ಬೇಕಾದದ್ದು ಸ್ಟೋರು.”

ಅವರ ನಗು ಹೋಯಿತು. ಕಫೀಲರಿಗೆ, ಅಂದರೆ ನಮ್ಮ ವೀಸಾ ಯಾರ ಕೈಯಲ್ಲಿತ್ತೋ ಆ ಒಮಾನಿ ಮಾಲೀಕರಿಗೆ, ಹೇಳಬೇಕಾಗುತ್ತದೆ ಎಂದರು. ಅವರು ಮನಸ್ಸು ಮಾಡಿದರೆ ನಾನು ಮುಂದಿನ ವಿಮಾನದಲ್ಲಿ ಊರಿಗೆ. ಆಮೇಲಿನ ದಿನಗಳಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಕರೆಯಲಿಲ್ಲ. ಕೋಣೆಯವರೆಲ್ಲ, ಹೋಗಿ ಕ್ಷಮೆ ಕೇಳು ಎಂದರು. ಕೆಲಸ ಕಳೆದುಕೊಂಡು ಬಂದ ಗಂಡನನ್ನು ಹೆಂಡತಿ ಹೇಗೆ ನೋಡಿಯಾಳು ಎಂಬ ಯೋಚನೆ ಬಿಡುತ್ತಿರಲಿಲ್ಲ. ಮೇಲ್ನೋಟಕ್ಕೆ ಮಾತ್ರ ಬಹಳ ಗಟ್ಟಿಗನ ಹಾಗೆ ಓಡಾಡಿದೆ.

ಆಗ ಒಂದು ಬೆಳಿಗ್ಗೆ ಪಿಕಪ್ಪಿನ ಡ್ರೈವರು ಸ್ಟೋರಿಗೆ ಬಂದು, ಟರ್ಕಿಯವನು ಇಬ್ರಿಗೆ ಹೋಗುತ್ತಿದ್ದಾನೆ, ಹಗ್ಗ ಕೊಡು, ಅವನ ಪೆಟ್ಟಿಗೆ ಕಟ್ಟಬೇಕು ಎಂದ. ನಾನು ಗೇಟಿಗೆ ಓಡಿದೆ. ಅವನು ಟೂಲ್ ಬಾಕ್ಸನ್ನು ಗಾಡಿಗೆ ಹತ್ತಿಸುತ್ತಿದ್ದ. ನನಗೆ ಇಲ್ಲ ಎನ್ನಲು ಕಲಿಸಿ ನೀನೇ ಹೂಂ ಎಂದೆಯಲ್ಲ ಎಂದು ಅವನ ಮೇಲೆ ರೇಗಿದೆ. ಹಾಗೆ ಜೋರು ಮಾಡದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

“ನನಗೆ ಇದು ಅಭ್ಯಾಸವಾಗಿ ಹೋಗಿದೆ,” ಎಂದ ಅವನು. “ನಿನಗೆ ಆಗಬಾರದು. ಯಲ್ಲಾ, ಬೇಗ ಹಗ್ಗ ಕೊಡು.”

ಇಬ್ರಿಯ ತೊಂದರೆ ನೀಗಿದ ಮೇಲೆ ಮ್ಯಾನೇಜರರ ಸಿಟ್ಟೂ ತಣ್ಣಗಾಯಿತು. ಬೊಂಬಾಯಿಯವನ ವೀಸಾ ಎಲ್ಲೋ ಸಿಕ್ಕಿಬಿದ್ದು ಅವನು ಬರಲೇ ಇಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಸ್ಟೋರು ನನ್ನದಾಯಿತು; ಬೇಸಿಗೆಯ ಕೊನೆಗೆ ಅಲ್ ಹೈಲ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟು ಸಿಕ್ಕಿತು. ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿ ಮಗಳು ತಾಯಿಯ ಸೀರೆಯ ಮರೆಯಿಂದ ನನ್ನನ್ನು ದಿಟ್ಟಿಸಿ ನೋಡಿದಳು. ಮಾತಾಡಿದ ಮೇಲಷ್ಟೇ ಗುರುತು ಹಿಡಿದಳು. ಹೆಂಡತಿ ಪೆಟ್ಟಿಗೆ ಬಿಚ್ಚಿ ಮೊದಲು ಹೊರಗೆ ತೆಗೆದದ್ದು ಉಪ್ಪಿನಕಾಯಿ, ನಮ್ಮ ಮನೆಯದ್ದು. ಅದರಲ್ಲಿ ಅರ್ಧವನ್ನು ಇನ್ನೊಂದು ಬಾಟಲಿಗೆ ತುಂಬಿ ಇಬ್ರಿಗೆ ಕಳಿಸಿದೆ.

ಅವನು ಮಾತ್ರ ಅಲ್ಲೇ ಉಳಿದ. ಇಬ್ರಿಯ ಡಿಪೋದವನು ರಜೆಯಿಂದ ಮರಳಿ ಬರಲಿಲ್ಲ, ಗಲ್ಫಿನಲ್ಲಿ ಅದೂ ಉಂಟು. ಹಾಗಾಗಿ ಪೈಪು ಮಾರುವುದು, ಗಾಡಿ ಓಡಿಸುವುದು, ಲೆಕ್ಕ ಬರೆಯುವುದು ಎಲ್ಲವೂ ಅವನ ತಲೆಗೆ ಬಂದವು. ಇದನ್ನು ನೆನೆದರೆ ಫ್ಲ್ಯಾಟಿನ ತಂಪಿನಲ್ಲಿ ಕೂತಾಗಲೂ ನನಗೆ ಸಮಾಧಾನವಿರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೊರಟ. ಹೊರಡುವ ಮುಂಚಿನ ಶುಕ್ರವಾರ ನಮ್ಮಲ್ಲಿ ಊಟಕ್ಕೆ ಬಂದ. ಹೆಂಡತಿ ಇಡ್ಲಿಯಂಥ ನಮ್ಮ ‘ಸಣ್ಣ’ ಮತ್ತು ಕೋಳಿ ಸಾರು ಮಾಡಿದ್ದಳು. ಅವನು ಉಬ್ಬಿದ ಆ ಅಕ್ಕಿ ಸಣ್ಣವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಕೊನೆಗೆ ಬೇಕಾದಷ್ಟು ತಿಂದ. ಮಗಳು ಆಗ ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದಳು, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಬಲಗಾಲು ಚಾಚಿ ಸೋಫಾದಲ್ಲಿ ಕೂತಿದ್ದ ಅವನ ಎದುರು ನಿಂತು, “ಅಂಕಲ್, ಇನ್ ಫುಟ್‌ಬಾಲ್, ವಿಚ್ ಪೊಸಿಷನ್?” ಎಂದು ಕೇಳಿದಳು.

ಅವನ ಹಿರಿಮೆ ನಾನೇ ಹೇಳೋಣವೆಂದು ನಡುವೆ ಬಾಯಿ ಹಾಕಿ, ಅಂಕಲ್ ಎಲ್ಲ ಜಾಗದಲ್ಲೂ ಆಡಿದವರು, ಎರಡರಿಂದ ಆರರವರೆಗೆ ಎಲ್ಲ ನಂಬರೂ ಅವರದ್ದೇ ಎಂದೆ. ಅವನು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದ.

“ಗೋಲ್‌ಕೀಪರ್,” ಎಂದ ಮಗಳಿಗೆ. ಆಮೇಲೆ ನನ್ನ ಕಡೆ ತಿರುಗಿ ಉರ್ದುವಿನಲ್ಲಿ, “ಉಳಿದ ಜಾಗಗಳನ್ನೆಲ್ಲ ಬೇರೆಯವರು ಕೊಟ್ಟರು. ಅದೊಂದನ್ನು ನಾನೇ ತೆಗೆದುಕೊಂಡೆ.”

ಎಷ್ಟು ಪಂದ್ಯ ಎಂದು ಮಗಳು ಕೇಳಿದಳು. ಒಂದು ಎಂದ. ಗೆದ್ದಿರಾ ಎಂದಳು. ಅವನು ನನ್ನನ್ನು ನೋಡಿದ, ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿಯ ಕಡೆ ನೋಡಿದ, ಹೌದು ಎಂದು ತಲೆಯಾಡಿಸಿದ. ನಾನು ನೀರು ತರುವ ನೆವದಲ್ಲಿ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತುಕೊಂಡೆ.